ಅಮ್ಮನ ಬೀಡಿ ಬಿಗಿಯಾದ ವಾರ

ಅಮ್ಮ ಬೀಡಿ ಕಟ್ಟುವುದು ಟಿವಿಯ ಮುಂದೆ ಕೂತು. ವರ್ಕಾಡಿಯಲ್ಲಿ ನಮ್ಮ ಆಚೀಚೆ ಮನೆಯ ಹೆಂಗಸರೆಲ್ಲ ಹಾಗೆಯೇ. ಕಣ್ಣು ಧಾರಾವಾಹಿಯ ಅತ್ತೆಯ ಮೇಲೆ, ಬೆರಳು ಮಡಿಲ ಮೊರದಲ್ಲಿ. ನನಗೆ ಬುದ್ಧಿ ಬಂದಾಗಿನಿಂದ ಅವಳು ಬೀಡಿಯ ಕಡೆ ನೋಡಿದ್ದನ್ನು ನಾನು ಕಂಡಿಲ್ಲ.

ಆ ಮಳೆಗಾಲ ರಾಜ್ಯದ ಇನ್ನೊಂದು ತುದಿಯಲ್ಲಿ ಗುಡ್ಡ ಜರಿದು ಒಂದು ಊರು ಮಣ್ಣಡಿ ಸೇರಿತು. ಅಮ್ಮ ಧಾರಾವಾಹಿ ಬಿಟ್ಟು ಸುದ್ದಿಗೆ ಅಂಟಿಕೊಂಡಳು. ನಾವು ಗಡಿಯವರು, ಮಲಯಾಳದವರ ರಾಜ್ಯದಲ್ಲಿರುವ ಕನ್ನಡದವರು. ಒಂದು ದುರಂತವನ್ನು ಮಲಯಾಳದಲ್ಲಿ ನೋಡಿ ಮುಗಿಸಿ, ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ನೋಡುವ ಭಾಗ್ಯ ನಮಗುಂಟು. ಮಲಯಾಳದವರು ನಕ್ಷೆ ಹಿಡಿದು ವಿವರಿಸಿದರೆ, ಕನ್ನಡದವರು ಡೋಲು ಬಾರಿಸಿ ಕೆಂಪು ಬಾಣ ಹಾಕಿ ತೋರಿಸುತ್ತಿದ್ದರು. ಒಂದೇ ಗುಡ್ಡ ಅಮ್ಮನ ಕಣ್ಣೆದುರು ದಿನಕ್ಕೆ ನೂರು ಸಲ ಜರಿಯಿತು.

ಮೂರನೆಯ ದಿನ, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಿಂದ ಅಮ್ಮನ ಬೀಡಿ ವಾಪಸು ಬಂತು. "ಅಕ್ಕಾ, ಎಂತ ಇದು? ಎಳೆದರೆ ಕೆನ್ನೆ ಒಳಗೆ ಹೋಗ್ತದೆ, ಹೊಗೆ ಬರುವುದಿಲ್ಲ," ಎಂದರಂತೆ ಅಲ್ಲಿಯವರು. ಹೆದರಿಕೆಯಲ್ಲಿ ಅವಳ ಬೆರಳು ಅಷ್ಟು ಬಿಗಿಯಾಗಿ ಸುತ್ತಿತ್ತು.

ನಾಲ್ಕನೆಯ ದಿನ ಅಡುಗೆ ಜಗಲಿಗೆ ಬಂತು. ಮನೆಯ ಹಿಂದೆ ಗುಡ್ಡ ಕಡಿದಲ್ಲಿ ಗೋಡೆಯ ಹಾಗೆ ನಿಂತ ಧರೆ ಜರಿದರೆ ಮೊದಲು ಹೋಗುವುದು ಅಡುಗೆಮನೆಯಂತೆ. ಆ ಧರೆ ನನ್ನ ಸೊಂಟದೆತ್ತರ ಉಂಟು, ಅದೂ ಗಟ್ಟಿ ಮುರಕಲ್ಲು. ಜರಿದರೆ ಕರಿಬೇವಿನ ಗಿಡಕ್ಕೆ ಸ್ವಲ್ಪ ತೊಂದರೆ ಆದೀತು, ಅಷ್ಟೆ. ಮಳೆಗೆಂದು ಶಾಲೆಗೆ ರಜೆ ಸಿಕ್ಕಿ ಮನೆಯಲ್ಲಿದ್ದ ಟೀಚರಾದ ನನಗೆ, ಗ್ಯಾಸ್ ಒಲೆಗೆ ಗಾಳಿ ಬಡಿಯದಂತೆ ಕೊಡೆ ಹಿಡಿಯುವ ಕೆಲಸ. ಸಾಂಬಾರು ಕುದಿಯುವವರೆಗೆ ಹಿಡಿದೆ. ಆಮೇಲೆ ತಲೆ ಕೆಟ್ಟಿತು.

ಸೀದಾ ಹೋಗಿ ಟಿವಿಯ ಪ್ಲಗ್ ಎಳೆದೆ. "ಸಾಕಮ್ಮ. ಇದನ್ನು ನೋಡಿ ನೋಡಿ ನಿನಗೆ ನಿದ್ದೆ ಇಲ್ಲ, ಊಟ ಇಲ್ಲ. ನಮ್ಮ ಧರೆಗೆ ಎಂತದೂ ಆಗುವುದಿಲ್ಲ."

"ಧರೆಯದ್ದು ಬಿಡು ಮಾರಾಯ್ತಿ," ಎಂದಳು ಅಮ್ಮ. "ಆ ಹೆಂಗಸಿನ ಮಗು ಸಿಕ್ಕಿತಾ ಅಂತ ನೋಡ್ಬೇಕು ನನಗೆ."

ನೀಲಿ ನೈಟಿ ಹಾಕಿ, ತಲೆಗೆ ಬೈರಾಸು ಸುತ್ತಿ, ಮಣ್ಣಿನ ರಾಶಿಯೆದುರು ಮಗುವಿಗಾಗಿ ಕಾಯುತ್ತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ, ಟಿವಿಯ ಹೆಂಗಸು. ಮೈಕ್ ಹಿಡಿದವರೆಲ್ಲ ಅವಳ ಹತ್ತಿರ ಹೋಗಿ, ಈಗ ನಿಮಗೆ ಏನನ್ನಿಸುತ್ತಿದೆ ಎಂದು ಕೇಳಿಯಾಗಿತ್ತು. ಅಮ್ಮ ನಾಲ್ಕು ದಿನದಿಂದ ಅವಳ ಜೊತೆಗೇ ಕೂತಿದ್ದಳು. "ಅವಳೊಬ್ಬಳನ್ನೇ ಅಲ್ಲಿ ಬಿಟ್ಟು ನಾನು ಎದ್ದು ಹೋಗುವುದು ಹೇಗೆ?"

ನನ್ನ ಸಿಟ್ಟು ಇಳಿದುಹೋಯಿತು. ನಾನೇ ಪ್ಲಗ್ ಹಾಕಿದೆ. ಅಷ್ಟರಲ್ಲಿ ಗುಡ್ಡ ಹೋಗಿ ಒಬ್ಬ ನಟನ ಮದುವೆ ಬಂದಿತ್ತು, ಎರಡೂ ಭಾಷೆಯಲ್ಲಿ. ಅಮ್ಮ ಎರಡು ದಿನ ರಿಮೋಟ್ ಒತ್ತಿ ಒತ್ತಿ ಆ ಹೆಂಗಸನ್ನು ಹುಡುಕಿದಳು. ತಟ್ಟೆ ಮುಟ್ಟಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಕೊನೆಗೆ ಚಾನಲಿಗೆ ಫೋನ್ ಮಾಡಿ, ನಾನು ಇಂಥ ಊರಿನ ಟೀಚರ್ ಎಂದು ಹೇಳಿಕೊಂಡು, ನನ್ನ ಮುರುಕು ಮಲಯಾಳದಲ್ಲಿ ಎಲ್ಲ ವಿವರಿಸಿದೆ. ಆಚೆಯ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು, "ಯಾವ ಮಗು, ಟೀಚರ್?"

ಒಳಗೆ ಬಂದೆ. "ಸಿಕ್ಕಿತಂತೆ ಅಮ್ಮ," ಎಂದೆ.

"ಜೀವ ಉಂಟಂತಾ?"

ನನ್ನ ಸುಳ್ಳು ಅಲ್ಲಿಯವರೆಗೆ ತಯಾರಾಗಿರಲಿಲ್ಲ. "ಉಂಟಂತೆ."

"ಮತ್ತೆ ಟಿವಿಯಲ್ಲಿ ಯಾಕೆ ಹೇಳಲಿಲ್ಲ?"

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ತಾನೇ ಎದ್ದು ಟಿವಿ ಆಫ್ ಮಾಡಿದಳು.

"ಆಗ್ಲಿ. ಸಿಕ್ಕಿತು ಅಂತಲೇ ಇರ್ಲಿ. ಬಾ, ಊಟ ಮಾಡುವಾ."