ನವನೀತ ಹೇಳಿದ ‘ಬೇಡ’

ಹಂಸಾಳ ಕಾರಿನ ಡಿಕ್ಕಿಯಲ್ಲಿ ಎರಡು ಚಳಿಗಾಲದಿಂದ ಒಂದು ಸಲಿಕೆ ಇದೆ. ನಮ್ಮ ಊರಾದ ಮಾನ್ಮತ್ ಜಂಕ್ಷನ್‌ನಲ್ಲಿ ಎಲ್ಲರ ಕಾರಿನಲ್ಲೂ ಸಲಿಕೆ ಇರುತ್ತದೆ, ಮನೆ ಮುಂದಿನ ಹಿಮ ಎತ್ತಿಹಾಕಲು. ಇವಳದು ಹಿಡಿಕೆ ಬಿಚ್ಚಿ ಬೆನ್ನಿಗೆ ಕಟ್ಟಿಕೊಳ್ಳುವಂಥದ್ದು. ಹಿಮದ ಕೆಳಗೆ ಹೂತುಹೋದವರನ್ನು ಅಗೆದು ತೆಗೆಯಲು ಮಾಡಿದ್ದು. ತಮ್ಮ ನವನೀತ ಹೇಗೆ ಸತ್ತ ಎಂಬ ನಿಜ ತಿಳಿದ ವಾರವೇ ಕೊಂಡಳು. ಯಾರನ್ನೂ ಅಗೆದು ತೆಗೆಯುವ ಉದ್ದೇಶ ಅವಳಿಗಿರಲಿಲ್ಲ. ಒಬ್ಬರನ್ನು ಹೂಳುವುದಿತ್ತು.

ಹಂಸಾಗೆ ನಲವತ್ತೇಳು ವರ್ಷ. ಮದ್ದೂರಿನ ಮೇಷ್ಟರ ಮಗಳು. ಪ್ರಿನ್ಸ್‌ಟನ್ ಪಕ್ಕದ ಔಷಧ ಕಂಪನಿಯೊಂದರಲ್ಲಿ, ಮಾತ್ರೆಗಳ ಬ್ಯಾಚ್ ಕೆಟ್ಟರೆ ಯಾಕೆ ಕೆಟ್ಟಿತು ಎಂದು ಪತ್ತೆಹಚ್ಚಿ ವರದಿ ಬರೆಯುವುದು ಅವಳ ಕೆಲಸ. ಎಷ್ಟು ಗಂಟೆಗೆ ಏನಾಯಿತು, ಯಾರು ಏನು ಹೇಳಿದರು, ಯಾರು ಕೇಳಿಸಿಕೊಂಡೂ ಸುಮ್ಮನಿದ್ದರು, ಎಲ್ಲವೂ ಅದರಲ್ಲಿ ಬರಬೇಕು. ಯಾರ ಹೆಸರನ್ನೂ ಹೇಳದೆ ಮೇಲೆ ಮೇಲೆ ಬರೆದು ಫೈಲು ಮುಚ್ಚುವವರನ್ನು ಕಂಡರೆ ಅವಳಿಗಾಗದು. ನಾನೂ ಅಲ್ಲೇ ಕೆಲಸಕ್ಕಿದ್ದೇನೆ. ಆರು ವರ್ಷ ಅವಳ ಕಾರಿನಲ್ಲೇ ಹೋಗಿಬರುತ್ತಿದ್ದೆ.

ನವನೀತ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಅವನೂ ನಾನೂ ಶಿವಪ್ರಕಾಶಣ್ಣನ ಶನಿವಾರದ ಗುಂಪಿನವರು. ಶಿವಪ್ರಕಾಶ್ ಇಲ್ಲಿಗೆ ಬಂದು ಮೂವತ್ತು ವರ್ಷವಾದ ಹಿರಿಯರು. ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದವರು, ನನಗೂ. ಚಳಿಗಾಲದಲ್ಲಿ ಐದು ಗಂಟೆ ಡ್ರೈವ್ ಮಾಡಿ ನಮ್ಮನ್ನು ಅಡಿರಾಂಡ್ಯಾಕ್ ಬೆಟ್ಟಗಳಿಗೆ ಕರೆದೊಯ್ಯುತ್ತಿದ್ದರು. ಲಿಫ್ಟೂ ಇಲ್ಲದ, ಕಾಯುವವರೂ ಇಲ್ಲದ ಕಡೆ ಕಾಲಿಗೆ ಸ್ಕೀ ಹಲಗೆ ಹಾಕಿಕೊಂಡು ಹತ್ತಿ, ಜಾರಿಕೊಂಡು ಇಳಿಯುವುದು. ಅಂಥ ಕಡೆ ಒಂದು ನಿಯಮವಿದೆ: ಗುಂಪಿನಲ್ಲಿ ಒಬ್ಬರು ‘ಬೇಡ’ ಎಂದರೂ ಎಲ್ಲರೂ ಹಿಂದಿರುಗಬೇಕು. ನಮ್ಮ ಗುಂಪಿನಲ್ಲಿ ಅಣ್ಣನಿಗೆ ಎದುರಾಡುವ ವಾಡಿಕೆ ಇರಲಿಲ್ಲ.

ಆ ಮಾರ್ಚ್‌ನ ಶನಿವಾರ ಬೆಟ್ಟದ ಬುಡ ಮುಟ್ಟಿದಾಗ ಒಂಬತ್ತು ಗಂಟೆ. ಅಣ್ಣ ವಾಚು ನೋಡಿಕೊಂಡು, “ರಾಹುಕಾಲ ಕಣ್ರಪ್ಪಾ. ಹತ್ತೂವರೆ ತನಕ ಯಾರೂ ಹೊರಡಬೇಡಿ,” ಎಂದರು. ಹೀಟರ್ ಹಾಕಿಕೊಂಡು ಕಾರಿನಲ್ಲೇ ಕೋಡುಬಳೆ ತಿನ್ನುತ್ತ ಕುಳಿತೆವು. ನವನೀತ ಮಾತ್ರ ಹೊರಗೆ ನಿಂತು ಮೇಲೇರುತ್ತಿದ್ದ ಸೂರ್ಯನನ್ನು ನೋಡುತ್ತಿದ್ದ. ಹಿಂದಿನ ಎರಡು ದಿನ ಬಿದ್ದ ಹೊಸ ಹಿಮ ಹಳೆಯ ಗಟ್ಟಿ ಪದರದ ಮೇಲೆ ಸುಮ್ಮನೆ ಕೂತಿತ್ತು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು. ಬೆಳಿಗ್ಗೆಯ ಚಳಿಯಲ್ಲೇ ದಾಟಿದ್ದರೆ ಬಿಗಿಯಾಗಿರುತ್ತಿತ್ತು. ನಾವು ಅದರ ಕೆಳಗೆ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ. ಬಿಸಿಲಿಗೆ ನಿಂಬೆಹಣ್ಣಿನಷ್ಟು ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರುತ್ತಿದ್ದವು.

“ಅಣ್ಣ, ಬೇಡ. ಮೇಲಿನ ಸ್ನೋ ಲೂಸ್ ಆಗಿದೆ. ವಾಪಸ್ ಹೋಗೋಣ,” ಎಂದ ನವನೀತ.

“ಇಪ್ಪತ್ತು ವರ್ಷದಿಂದ ಬರ್ತಾ ಇದೀನಿ ಕಣಯ್ಯ. ಒಳ್ಳೇ ಟೈಮ್ ನೋಡ್ಕೊಂಡೇ ಹೊರಟಿದೀವಿ. ಹೆದರಿಕೆ ಆದ್ರೆ ಹೇಳು, ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಉರುಳುವ ಉಂಡೆಗಳು ನನಗೂ ಕಂಡಿದ್ದವು. ನವನೀತ ಮುಖ ಕೆಂಪಗೆ ಮಾಡಿಕೊಂಡು ತಾನೇ ಮೊದಲು ಹೊರಟ. ಅವನು ಅರ್ಧ ದಾರಿಯಲ್ಲಿದ್ದಾಗ ಇಡೀ ಇಳಿಜಾರು ಕಳಚಿಕೊಂಡು ಬಂತು. ಅವನನ್ನು ಅಗೆದು ತೆಗೆಯಲು ನಮಗೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಯಾರೂ ಬದುಕುವುದಿಲ್ಲ.

ತಿಥಿಯ ದಿನ ಹಂಸಾಳ ಮನೆಯಲ್ಲಿ ಶಿವಪ್ರಕಾಶಣ್ಣ ಎಲ್ಲರೆದುರು ಕಣ್ಣೊರೆಸಿಕೊಂಡು, “ನಾನು ಬೇಡ ಬೇಡ ಅಂದೆ ಕಣಮ್ಮಾ. ಕೇಳಲಿಲ್ಲ, ನುಗ್ಗಿಬಿಟ್ಟ,” ಎಂದರು. ಸತ್ತವನ ಮಾತನ್ನು ಕಿತ್ತು ತಮ್ಮ ಬಾಯಿಗೆ ಹಾಕಿಕೊಂಡರು! ಗುಂಪಿನ ಉಳಿದ ನಾಲ್ವರೂ ಊಟದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆವು. ಒಬ್ಬರೂ ತುಟಿ ಬಿಚ್ಚಲಿಲ್ಲ. ವಾರದೊಳಗೆ ಅವನ ದುಡುಕಿನ ಕಥೆ ಪಕ್ಕದ ರಾಜ್ಯದ ಬೆಲ್‌ರೋಸ್‌ನ ದಿನಸಿ ಅಂಗಡಿಯವರೆಗೂ ಮುಟ್ಟಿತು.

ವರ್ಷದ ತಿಥಿ ಹತ್ತಿರ ಬಂದಾಗ ನನ್ನಿಂದ ತಡೆಯಲಾಗಲಿಲ್ಲ. ಕೆಲಸಕ್ಕೆ ಹೋಗುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾಗ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಹಂಸಾ ಅಳಲಿಲ್ಲ.

“ಎಷ್ಟು ಗಂಟೆಗೆ ಬೇಡ ಅಂದ?”

“ಒಂದೂ ಹತ್ತು ಇರಬಹುದು.”

“ಎಷ್ಟು ಜನ ಕೇಳಿಸ್ಕೊಂಡ್ರಿ?”

“ಎಲ್ಲರೂ.”

“ನೀನು?”

“ನಾನೂ.”

ತಲೆಯಾಡಿಸಿ ಕಾರು ಮುಂದೆ ಬಿಟ್ಟಳು. ನಿಜ ಹೇಳಿದ್ದಕ್ಕೆ ನನ್ನನ್ನು ಕ್ಷಮಿಸಿದಳು ಎಂದುಕೊಂಡೆ. ಎಂಥ ಪೆದ್ದಿ ನಾನು.

ಅಲ್ಲಿಂದ ಶುರುವಾಯಿತು ಅವಳ ಹಟ. ಹಿಮಕುಸಿತದ ಬಗ್ಗೆ ಕಲಿಸುವ ತರಗತಿಗೆ ಸೇರಿದಳು. ನಲವತ್ತಾರರಲ್ಲಿ ಸ್ಕೀ ಕಲಿತಳು; ಮಂಡಿ ಊದಿಸಿಕೊಂಡು ಆಫೀಸಿಗೆ ಕುಂಟುತ್ತ ಬಂದಳು. ಹಿಮದಲ್ಲಿ ಗುಂಡಿ ತೋಡಿ, ಪದರ ಪದರ ಬೆರಳಿನಿಂದ ಒತ್ತಿ, ಯಾವುದು ಗಟ್ಟಿ, ಯಾವುದು ಸಕ್ಕರೆಯಂತೆ ಉದುರುತ್ತದೆ ಎಂದು ಬರೆದಿಟ್ಟಳು. ನನಗೆ ಮುಚ್ಚುಮರೆಯಿಲ್ಲದೆ ಹೇಳಿದಳು: “ಅವರನ್ನ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನಿಲ್ಲಿಸ್ತೀನಿ. ಆಮೇಲೆ ಏನಾಗುತ್ತೋ ಆಗ್ಲಿ.”

ಈ ಮಾರ್ಚ್‌ನಲ್ಲಿ ಅಣ್ಣ ಮೂವರು ಹೊಸಬರನ್ನು ಅದೇ ಬೆಟ್ಟಕ್ಕೆ ಕರೆದುಕೊಂಡು ಹೊರಟರು. ಹಂಸಾ ಹೆಸರು ಕೊಟ್ಟಳು. ನನ್ನನ್ನೂ ಎಳೆದುಕೊಂಡು ಹೋದಳು. “ನೀನು ಬಂದಿದ್ದು ಸಂತೋಷ ಕಣಮ್ಮಾ,” ಎಂದರು ಅಣ್ಣ. ಶನಿವಾರ, ಒಂಬತ್ತು ಗಂಟೆ. ಅವರು ಮತ್ತೆ ರಾಹುಕಾಲ ಎಂದರು. “ಕಾಯೋಣ ಅಣ್ಣ, ಆತುರ ಏನಿದೆ,” ಎಂದು ನಗುತ್ತ ಕೋಡುಬಳೆಯ ಡಬ್ಬಿ ತೆರೆದಳು ಹಂಸಾ. ನಾನು ಡಬ್ಬಿಯನ್ನು ಹೊಸಬರಿಗೆ ದಾಟಿಸಿದೆ.

ಒಂದು ಗಂಟೆಗೆ ಅದೇ ಇಳಿಜಾರಿನ ಕೆಳಗಿದ್ದೆವು. ಅದೇ ಬಿಸಿಲು, ಅವೇ ಉಂಡೆಗಳು. ಹಂಸಾ ಹೊಸಬರನ್ನು ಮರಗಳ ನಡುವೆ ನಿಲ್ಲಿಸಿ, ಪಕ್ಕದ ಸಣ್ಣ ದಿಬ್ಬದಲ್ಲಿ ಗುಂಡಿ ತೋಡಿದಳು. ಹಿಮದ ಕಂಬವೊಂದನ್ನು ಕಡಿದು ನಿಲ್ಲಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ಮೆಲ್ಲಗೆ ತಟ್ಟತೊಡಗಿದಳು. ಮೂವತ್ತು ಏಟು ತಡೆದರೆ ಗಟ್ಟಿ ಎಂದು ಲೆಕ್ಕ. ಮೂರನೆಯದಕ್ಕೇ ಮೇಲಿನ ಪದರ ಪೂರ್ತಿ ಜಾರಿ ಅವಳ ಮಡಿಲಿಗೆ ಬಿತ್ತು.

“ಅದೆಲ್ಲ ಕ್ಲಾಸಲ್ಲಿ ಹೇಳ್ಕೊಡೋದಮ್ಮಾ,” ಎಂದರು ಅಣ್ಣ. ಹೊಸಬರು ನೋಡುತ್ತಿದ್ದರಲ್ಲ. “ನಾನು ಮುಂದೆ ಹೋಗ್ತೀನಿ.”

“ಹೋಗಿ ಅಣ್ಣ. ನಾನು ಬೇಡ ಅನ್ನಲ್ಲ. ಬೇಡ ಅಂದವನ ಗತಿ ಏನಾಯ್ತು ಅಂತ ನಿಮಗೇ ಗೊತ್ತಲ್ಲ.”

ಅವರ ಮುಖ ಬಿಳಿಚಿಕೊಂಡಿತು. ಆದರೂ ನಾಲ್ಕು ಹೆಜ್ಜೆ ಮುಂದೆ ಸರಿದರು. ತೆಂಗಿನಕಾಯಿಯಷ್ಟು ದಪ್ಪದ ಉಂಡೆಯೊಂದು ಉರುಳಿ ಬಂದು ಅವರ ಸ್ಕೀಗೆ ತಾಗಿ ನಿಂತಿತು. ಅವರು ತಿರುಗಿದರು. ಹಿಂದೆ ಬರುವ ದಾರಿಗೆ ಅಡ್ಡಲಾಗಿ ಹಂಸಾ ಸಲಿಕೆ ಹಿಡಿದು ನಿಂತಿದ್ದಳು. ಇಳಿಜಾರು ಕಳಚಿದರೆ ತಾನೂ ಹೋಗುವ ಜಾಗ ಅದು.

“ಬೇಡ,” ಎಂದರು ಅಣ್ಣ ಮೆಲ್ಲಗೆ.

“ಕೇಳಿಸ್ಲಿಲ್ಲ.”

“ಬೇಡಮ್ಮಾ, ವಾಪಸ್ ಹೋಗೋಣ. ದಾರಿ ಬಿಡು.”

“ಇಲ್ಲಿ ಬೇಡ ಅಂದಿದ್ದು ಯಾರು? ಅಲ್ಲೇ ನಿಂತು ಹೇಳಿ.”

ಇನ್ನೆರಡು ಉಂಡೆಗಳು ಉರುಳಿ ಬಂದವು. ಐವತ್ತೆಂಟರ ಆ ಹಿರಿಯರು ಒಮ್ಮೆ ಮೇಲಕ್ಕೆ ನೋಡಿದರು.

“ನವನೀತ. ಅವನೇ ಬೇಡ ಅಂದ. ನಾನು ನಗಾಡಿ ಕಳಿಸ್ದೆ.”

“ಜೋರಾಗಿ. ಅವರಿಗೂ ಕೇಳಿಸ್ಲಿ.”

ಮತ್ತೊಮ್ಮೆ ಕೂಗಿ ಹೇಳಿದರು, ಅಳುತ್ತ. ಹಂಸಾ ಪಕ್ಕಕ್ಕೆ ಸರಿದಳು. ನನಗೆ ಅವರ ಮೇಲೆ ಒಂದಿಷ್ಟೂ ಕನಿಕರ ಬರಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು.

ಊರಿಗೆ ಹಿಂದಿರುಗುವಾಗ ಕಾರಿನಲ್ಲಿ ನಾವಿಬ್ಬರೇ. “ಅವರು ಹೋಗೇಬಿಟ್ಟಿದ್ರೆ?” ಎಂದು ಕೇಳಿದೆ.

“ಹೋಗ್ಲಿ ಅಂತಲೇ ನಿಂತಿದ್ದೆ.”

ಸ್ವಲ್ಪ ದೂರ ಹೋದ ಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: “ನಾನು ಬೇಡ ಅನ್ನಲ್ಲ ಅಂದೆ. ನೀನು ಅನ್ನಬಹುದಿತ್ತಲ್ಲ, ಜ್ಯೋತ್ಸ್ನಾ?”

ಇನ್ನೂ ನಾಲ್ಕು ಗಂಟೆ ಡ್ರೈವ್ ಮಾಡಿ ನನ್ನನ್ನು ಮನೆ ಮುಂದೆ ಇಳಿಸಿದಳು.

ಸೋಮವಾರ ಅವಳ ಕಾರು ನನ್ನ ಮನೆ ಮುಂದೆ ನಿಲ್ಲಲಿಲ್ಲ. ಆಫೀಸಿಗೆ ಹೋದರೆ ನನ್ನ ಮೇಜಿನ ಮೇಲೆ ಒಂದು ಲಕೋಟೆ. ಒಳಗೆ ಎರಡು ಪುಟದ ವರದಿ, ಕಂಪನಿಯ ವರದಿಗಳ ಧಾಟಿಯಲ್ಲೇ: ಗಂಟೆ, ನಿಮಿಷ, ಹಿಮದ ಪದರ, ನವನೀತ ಹೇಳಿದ ಮಾತು, ಶಿವಪ್ರಕಾಶರ ತಪ್ಪೊಪ್ಪಿಗೆ. ಕೊನೆಗೆ ‘ಕೇಳಿಸಿಕೊಂಡೂ, ಕಂಡೂ ಸುಮ್ಮನಿದ್ದವರು’ ಎಂಬ ಪಟ್ಟಿ. ನನ್ನ ಹೆಸರು ಅದರಲ್ಲಿ ಎರಡು ಸಲ ಇತ್ತು, ಎರಡು ತಾರೀಖಿನ ಮುಂದೆ.