ಸುಕ್ಕಿಲ್ಲದ ನೋಟಿಸು

ಗಂಗಹನುಮಯ್ಯ ಕ್ರೈಸ್ತ ದೀಕ್ಷಾಸ್ನಾನ ಪಡೆದು ಇಪ್ಪತ್ತು ವರ್ಷವಾದರೂ ಹೆಸರು ಬದಲಿಸಿಕೊಂಡಿರಲಿಲ್ಲ. ಅವನು ಗ್ರಾಮ ಸಹಾಯಕ. ತಿಪ್ಪಸಂದ್ರದ ಸುತ್ತಿನ ಹಳ್ಳಿಗಳಲ್ಲಿ ಸರ್ಕಾರದ ನೋಟಿಸು ಅಂಟಿಸುವುದು, ಸರ್ವೆಯವರು ಬಂದರೆ ಗಡಿಕಲ್ಲು ತೋರಿಸುವುದು ಅವನ ಕೆಲಸ. ಅಂಟನ್ನು ಹೆಂಡತಿ ಯಲ್ಲಮ್ಮ ಮೈದಾ ಕುದಿಸಿ ಮಾಡಿಕೊಡುತ್ತಿದ್ದಳು.

ಭಾನುವಾರ, ಊರಾಚೆಯ ಶೀಟಿನ ಪ್ರಾರ್ಥನಾಮಂದಿರದಲ್ಲಿ, ಆಳುವವರಿಗಾಗಿ ಪ್ರಾರ್ಥಿಸುವುದು ಅವನ ಪಾಲು. ಮಂತ್ರಿಗಳಿಂದ ಶುರುಮಾಡಿ ತಹಸೀಲ್ದಾರರವರೆಗೆ ಇಳಿದು, ಕೊನೆಗೆ "ಸರ್ಕಾರದ ಈ ಕಡೇ ಆಳನ್ನೂ ಕಾಯಪ್ಪ" ಎನ್ನುತ್ತಿದ್ದ. ಎಲ್ಲರೂ ನಗುತ್ತಲೇ ಆಮೆನ್ ಹೇಳುತ್ತಿದ್ದರು.

ಒಂದು ಗುರುವಾರ ಕಚೇರಿಯಲ್ಲಿ ಅವನ ಕೈಗೆ ಬಂದ ನೋಟಿಸು ಆ ಮಂದಿರದ್ದೇ. ಜಾಗ ಗೋಮಾಳದ್ದು, ಏಳು ದಿನದಲ್ಲಿ ತೆರವು ಮಾಡಬೇಕು.

"ನನ್ ಕೈಲಾಗಕಿಲ್ಲ ಅನ್ನು," ಎಂದಳು ಯಲ್ಲಮ್ಮ, ಒಲೆಯ ಮುಂದೆ ಸೌಟು ಆಡಿಸುತ್ತ.

"ಅಧಿಕಾರ ಎಲ್ಲಾ ಮೇಲಿನೋನು ಕೊಟ್ಟಿದ್ದು ಅಂತ ಪಾಸ್ಟ್ರು ಹೇಳವ್ರೆ."

"ಕೊಟ್ಟವ್ನೆ, ಸರಿ. ಅವನ ಬಾಗ್ಲಿಗೇ ಕಾಗ್ದ ಮೆತ್ತು ಅಂತ್ಲೂ ಹೇಳವ್ನಾ?"

ಅವನು ನೋಟಿಸನ್ನು ಸುರುಳಿ ಸುತ್ತಿಕೊಂಡ. ಅವಳು ಅಂಟನ್ನು ಡಬ್ಬಿಗೆ ಸುರಿದು ಮುಂದೆ ಇಟ್ಟಳು. "ಒಸಿ ಗಂಟು ಕಟ್ಟೈತೆ, ನೋಡ್ಕೊ."

ಮಂದಿರದಲ್ಲಿ ಪಾಸ್ಟರ್ ಪ್ರಕಾಶ್ ಕಸ ಗುಡಿಸುತ್ತಿದ್ದ. ನೋಟಿಸು ಓದಿ, ಪೊರಕೆ ಗೋಡೆಗೆ ಒರಗಿಸಿ ಕೇಳಿದ. "ಬಾಗ್ಲು ತೆಗ್ದೇ ಇರ್ಲಾಣ್ಣ?"

"ಮುಚ್ಚಿ ಪಾಸ್ಟ್ರೇ. ಮುಚ್ಚಿದ್ರೇ ಸರಿಯಾಗಿ ಕೂರೋದು."

ಮೂವತ್ತು ವರ್ಷ ಪಳಗಿದ ಕೈ. ಗಂಟುಗಳನ್ನು ಬೆರಳಲ್ಲಿ ಹಿಸುಕಿ, ಕಾಗದವನ್ನು ನಡುವಿನಿಂದ ಅಂಚಿಗೆ ಸವರಿತು. ಒಂದೂ ಸುಕ್ಕಿಲ್ಲ. ಕೀಳುತ್ತೇನೆಂದರೂ ಬರದ ಹಾಗೆ ಕೂತಿತು. ಎದೆಯಲ್ಲಿ ಏನಾದರೂ ಆಗಬಹುದೆಂದು ಅವನು ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ. ಕಚೇರಿಗೆ ತೋರಿಸಲು ಫೋಟೊ ತೆಗೆದುಕೊಂಡು ಕುದೂರಿನ ಬಸ್ಸು ಹತ್ತಿದ.

ಏಳು ದಿನ ಕಳೆದು ಬೀಗ ಬಿತ್ತು. ಆ ಭಾನುವಾರ ಹುಣಸೆಮರದಡಿ ಚಾಪೆ ಹಾಸಿದರು. ಅವನ ಸರದಿ ಬಂದಾಗ ಯಾರೂ ಬೇಡ ಎನ್ನಲಿಲ್ಲ. ಮಂತ್ರಿಗಳು, ಜಿಲ್ಲಾಧಿಕಾರಿಗಳು, ತಹಸೀಲ್ದಾರರು. ಬಾಯಿಪಾಠದ ಪಟ್ಟಿ ಅಲ್ಲಿಗೆ ನಿಂತಿತು. ಕಡೇ ಆಳಿನ ಮಾತು ಬರಲಿಲ್ಲ. ಆಮೆನ್ ಎನ್ನಲು ಯಾರ ಬಾಯಿಯೂ ತೆರೆಯಲಿಲ್ಲ.

"ಇನ್ನೊಬ್ರವ್ರೆ ತಂದೆ," ಎಂದಳು ಯಲ್ಲಮ್ಮ, ಕಣ್ಣು ಮುಚ್ಚಿಕೊಂಡೇ. "ಅಂಟು ಕಾಸ್ಕೊಟ್ಟೋಳೂ ಜತೇಗವ್ಳೆ. ಇಬ್ರುನ್ನೂ ಸೇರುಸ್ಕೊ."

ಪ್ರಕಾಶ್ ಮೊದಲು ಆಮೆನ್ ಎಂದ. ಆಮೇಲೆ ಕೆಲವರು. ಎಲ್ಲರೂ ಅಲ್ಲ.

ಗಂಗಹನುಮಯ್ಯ ಚಾಪೆಯ ಅಂಚಿನಲ್ಲಿ ಎದ್ದಿದ್ದ ಸುಕ್ಕೊಂದನ್ನು ಅಂಗೈಯಿಂದ ಸವರುತ್ತಲೇ ಇದ್ದ.