ಶ್ರಾವಣದಾಗ ಬಿಟ್ಟ ಗುಳಿಗಿ

ಧಂದೆ ಮಾಡೋ ಹೆಣ್ಮಕ್ಕಳಿಗೆ ಕಾಂಡೋಮ್ ಹಂಚಿ ಹಂಚಿ ನನ್ನ ಕಾಲು ಸೋತು ಹೋಗ್ಯಾವ. ಹೊಸಪೇಟೆ ಬಸ್‌ಸ್ಟ್ಯಾಂಡು, ಸಂಡೂರಿನ ಲಾರಿ ನಿಲ್ಲೋ ಜಾಗ, ಕಂಪ್ಲಿ ಓಣಿ, ಎಲ್ಲಾ ತಿರುಗೀನಿ. ನಾನೂ ಒಂದು ಕಾಲಕ್ಕ ಅದೇ ಧಂದೆದಾಗ ಇದ್ದಾಕಿ, ಅದಕ್ಕ ಸಂಸ್ಥೆಯವರು ಈ ಕೆಲಸಕ್ಕ ತಗೊಂಡ್ರು. ಈಗ ಬ್ಯಾಗಿನ್ಯಾಗ ಇನ್ನೊಂದು ಸಾಮಾನು ಸೇರೈತಿ, ಎಚ್‌ಐವಿ ಬರದಂಗ ದಿನಕ್ಕೊಂದು ನುಂಗೋ ಗುಳಿಗಿ.

ಅದು ಬಂದಾಗ ಮೀಟಿಂಗಿನ್ಯಾಗ ಸಂಸ್ಥೆ ಸಾಹೇಬ್ರದು ಒಂದೇ ಚಿಂತಿ. "ಗುಳಿಗಿ ಸಿಕ್ರ ಕಾಂಡೋಮ್ ಬಿಸಾಕ್ತಾರ, ನೋಡ್ತಿರ್ರಿ." ನನಗೂ ಹಂಗ ಅನಿಸ್ತು, ಸುಳ್ಳು ಯಾಕ ಹೇಳ್ಲಿ. ಅದಕ್ಕ ತಿಂಗಳಾ ತಿಂಗಳಾ ಒಂದು ಫಾರ್ಮ್ ಹಿಡಕೊಂಡು ಕೇಳೋದು. ಗಿರಾಕಿಗೆ ಕಾಂಡೋಮ್ ಹಾಕ್ಸಿದಿ? ಹೌದು. ಗುಳಿಗಿ ನುಂಗಿದಿ? ಹೌದು. ಟಿಕ್ ಹಾಕೋದು, ಮುಂದಿನ ಮನಿ.

ಕಂಪ್ಲಿಯಾಗ ಒಬ್ಬಾಕಿ ಇದ್ದಳು, ನನ್ನ ತಂಗಿ ವಯಸ್ಸಿನಾಕಿ. ಗುಳಿಗಿ ಶುರು ಮಾಡಿದ ಮ್ಯಾಲೆ ಆಕಿ ಬಾಯಿ ಜೋರಾತು. "ದಿನಾ ಅದನ್ನ ನುಂಗುವಾಗ ನಂದೂ ಒಂದು ಜೀವ ಅಂತ ನೆನಪಾಗ್ತೈತಿ ಅಕ್ಕಾ. ಈಗ ಗಿರಾಕಿ ಕಾಂಡೋಮ್ ಬ್ಯಾಡ ಅಂದ್ರ, ನಡಿಯಲೇ ಅಂತೀನಿ" ಅಂದು ನಕ್ಕಳು. ಸಾಹೇಬ್ರ ಲೆಕ್ಕ ಉಲ್ಟಾ ಆತಲ್ಲ ಅಂತ ನನಗ ಭಾಳ ಖುಷಿ.

ಮಹಾನವಮಿ ಮುಗಿದ ಮ್ಯಾಲೆ ಆಕಿನ್ನ ರಕ್ತ ಪರೀಕ್ಷೆಗೆ ಹೊಸಪೇಟೆಗೆ ಕರಕೊಂಡು ಬಂದೆ. ದಾರಿಯಾಗ ಇಬ್ರೂ ಮಿರ್ಚಿ ತಿಂದ್ವಿ. ಆಸ್ಪತ್ರಿಯಾಗ ಮೂರು ಸಲ ನೋಡಿ ಹೇಳಿದ್ರು, ಪಾಸಿಟಿವ್.

ನನಗ ಮೈಯೆಲ್ಲಾ ಉರೀತು. "ಗುಳಿಗಿ ಏನು ಮಾಡಿದೆವ್ವಾ? ಗಟಾರಕ್ಕ ಹಾಕಿದೇನು?" ಅಂತ ಮಂದಿ ಮುಂದನ ಬೈದೆ.

"ಇಲ್ಲಕ್ಕಾ, ದಿನಾ ತಗೊಂಡೀನಿ. ಶ್ರಾವಣದಾಗ ಅಷ್ಟ ಬಿಟ್ಟಿದ್ದೆ. ಆ ತಿಂಗಳು ನಾವು ಧಂದೆ ಮಾಡಂಗಿಲ್ಲಲ್ಲ, ಮತ್ಯಾಕ ಗುಳಿಗಿ?"

ಅದೂ ಖರೇ. ನಾನೂ ಶ್ರಾವಣ ಬಂತಂದ್ರ ಮನಿ ಸಾರಿಸಿ, ಮಾಂಸ ಬಿಟ್ಟು, ಧಂದೆ ಬಿಟ್ಟು ಕುಂದರ್ತಿದ್ದೆ. "ಮತ್ತ ಯಾರು ಬಂದಿದ್ರು?" ಅಂದೆ.

"ಯಾರೂ ಇಲ್ಲ. ನಮ್ಮನಿಯವರು ಅಷ್ಟ."

ಸಂಡೂರಿನ ಗಣಿ ಲಾರಿ ಓಡಿಸಾಂವ. ತಾಳಿ ಕಟ್ಟಿಲ್ಲ, ಆದ್ರೂ ಎಂಟು ವರ್ಷದಿಂದ ಆಕಿಗೆ ಅವನೇ ಗಂಡ. ಆ ತಿಂಗಳು ಆಕಿ ಮನಿಯಾಗ ಇದ್ದ.

"ಅವರ ಜೊತಿ ಕಾಂಡೋಮ್ ಯಾಕಕ್ಕಾ? ಅವರೇನು ಗಿರಾಕಿನಾ?"

ಫಾರ್ಮಿನ್ಯಾಗ ಗಿರಾಕಿ ಅಂತಿತ್ತು, ನಾನೂ ಗಿರಾಕಿ ಅಂತ ಕೇಳಿದೆ. ಮನಿಯವನ ಮಾತು ಒಂದಿನಾನೂ ಎತ್ತಲಿಲ್ಲ. ನನ್ನ ಮನಿಯವ ಇದೇ ರೋಗಕ್ಕ ಹೋದಾಂವ, ನಾನಾದ್ರೂ ಕೇಳಬೇಕಿತ್ತು. ಸಾಕಾಗಿತ್ತು ನನಗ. ಟಿಕ್ ಹಾಕಿ ಜಲ್ದಿ ಬಸ್ ಹಿಡಿಯೋದೊಂದೇ ಧ್ಯಾನ.

ಔಷಧ ಕೊಡೋ ಕಿಟಕಿಯಾಗ ಆಕಿಗೆ ಹೊಸ ಡಬ್ಬಿ ಕೊಟ್ರು. ಅಂಥದ್ದೇ ಬಿಳೀ ಡಬ್ಬಿ, ದಿನಕ್ಕೊಂದು ಗುಳಿಗಿ, ಆದ್ರ ಇದು ಬಂದ ರೋಗ ಹತೋಟಿಯಾಗ ಇಡೋದಕ್ಕ. ಆಕಿ ಅದನ್ನ ಸೆರಗಿನ್ಯಾಗ ಮುಚ್ಚಿಕೊಂಡು ಹೊರಗ ಬಂದು ಮೆಲ್ಲಕ ಕೇಳಿದಳು.

"ಇದನ್ನ ಶ್ರಾವಣದಾಗೂ ತಗೋಬೇಕೇನಕ್ಕಾ?"

"ತಗೋಬೇಕವ್ವಾ" ಅಂದೆ. "ಎಲ್ಲಾ ಶ್ರಾವಣದಾಗೂ."